ಹೊಲದ ಟಿಪ್ಪಣಿ: ಬದುವಿನ ಆಚೆಗಿನ ಹೊಲ ನಾನು ಯಾಕ ಕೊಳ್ಳಲಿಲ್ಲ



ಮೊದಲು ಹೊಲದ ಸುದ್ದಿ. ಗೋವಿನಜೋಳದ ರಾಶಿ ಮುಗೀತು. ಎರಿ ಹೊಲದಾಗ ಬಿಳಿಜೋಳ ಚೊಲೋ ಎದ್ದೈತಿ, ಕಡ್ಲಿ ಹೂವಿಗೆ ಬಂದೈತಿ. ಕಡ್ಲಿ ಹಾಕಿದವರು ದಿನಾ ಒಂದು ಸುತ್ತು ಹೊಲದಾಗ ಅಡ್ಡಾಡಿ ಕಾಯಿಕೊರಕ ಹುಳ ಐತೇನು ನೋಡ್ರಿ, ಹುಳ ಸಣ್ಣದಿದ್ದಾಗ ಹಿಡಿದ್ರ ಖರ್ಚು ಕಡಿಮಿ. ಮೆಣಸಿನಕಾಯಿ ಬಿಡಿಸೋದು ನಡೆದೈತಿ, ಹೆಣ್ಣಾಳು ಸಿಗವಲ್ಲರು. ಇಷ್ಟು ಹೊಲದ ಸುದ್ದಿ.

ಈ ಸಲದ ಟಿಪ್ಪಣಿ ಬೆಳಿ ಬಗ್ಗೆ ಅಲ್ಲ. ಸುಮಾರು ಮಂದಿ ಫೋನ್ ಮಾಡಿ, ಗುತ್ತಲದ ಸಂತ್ಯಾಗ ಸಿಕ್ಕಾಗ ತಡದು ನಿಲ್ಲಿಸಿ, ಒಂದೇ ಪ್ರಶ್ನೆ ಕೇಳಿದ್ರಿ: "ನಿನ್ನ ಬದುವಿಗೆ ಹತ್ತಿದ ಎರಡು ಎಕರೆ ಎರಿ ಹೊಲ ಅಗ್ಗಕ್ಕ ಬಂದಿತ್ತು. ಕೈಯಾಗ ರೊಕ್ಕಾನೂ ಇತ್ತು. ಯಾಕ ಬಿಟ್ಟಿ?" ಒಬ್ಬೊಬ್ಬರಿಗೂ ಹೇಳೋದಕ್ಕಿಂತ ಇಲ್ಲೇ ಬರೀತೀನಿ. ಆ ಹೊಲದ ಮನಿಯವರ ಹೆಸರು ಬರೆಯಂಗಿಲ್ಲ. ಬರಿಯೋ ಮೊದಲು ಆ ತಂಗಿಯನ್ನ ಕೇಳೇನಿ, "ಬರೀರಿ ಅಣ್ಣಾರ, ನಾಕು ಮಂದಿಗೆ ಗೊತ್ತಾಗಲಿ" ಅಂದಾಳ.

ಉತ್ತರ ಸ್ವಲ್ಪ ಉದ್ದ ಐತಿ. 2023ರಿಂದ ಸುರು ಮಾಡಬೇಕು.

ಆ ವರ್ಷ ನಿಮಗ ಯಾರಿಗೂ ಮರೆತಿಲ್ಲ. ರಾಜ್ಯದ 236 ತಾಲ್ಲೂಕಿನಾಗ 223 ಬರಪೀಡಿತ ಅಂತ ಸರ್ಕಾರನೇ ಘೋಷಣೆ ಮಾಡಿತ್ತು. ಜೂನ್ ತಿಂಗಳು ಮುಗಿಲು ನೋಡಿಕೊಂತ ಹೋತು. ಜುಲೈದಾಗ ಒಂದಿಷ್ಟು ಬಂದು ಆಸೆ ಹಚ್ಚಿ, ಆಗಸ್ಟ್ ಪೂರಾ ಕೈ ಕೊಟ್ಟಿತು. ನನ್ನ ಗೋವಿನಜೋಳ ಸೂಲಂಗಿ ಹೊರಗ ಹಾಕೋ ಹೊತ್ತಿಗೆ ಸುಟ್ಟು ನಿಂತಿತ್ತು. ಬೋರ್ ಮೊದಲು ಎರಡು ತಾಸು ಹೊಡಿತಿತ್ತು, ಆಮೇಲೆ ಅರ್ಧ ತಾಸು, ಆಮೇಲೆ ಬರೇ ಗಾಳಿ. ಇಷ್ಟಾದ್ರ ಎಲ್ಲಾರಿಗೂ ಆದದ್ದೇ ನನಗೂ ಆತು ಅನ್ನಬಹುದಿತ್ತು. ಅದೇ ಅಕ್ಟೋಬರ್‌ದಾಗ ಮೇವು ತುಂಬೋ ಮುಂದ ಟ್ರ್ಯಾಲಿ ಮ್ಯಾಲಿಂದ ಬಿದ್ದು ಬೆನ್ನು ಮುರಕೊಂಡೆ. ಹುಬ್ಬಳ್ಳಿಯಲ್ಲಿ ಆಪರೇಷನ್ ಆತು. ನಾಕು ತಿಂಗಳು ಹಾಸಿಗಿ.

ನಡು ಎತ್ತಲಾರದ ರೈತ ಅಂದ್ರ ಏನು ಅಂತ ಆಗ ಗೊತ್ತಾತು. ದನ ಒದರತಾವ, ಎದ್ದು ಹೋಗಾಕ ಆಗಂಗಿಲ್ಲ. ಮನಿಯಾಕಿ ಒಬ್ಬಾಕೆ ನೀರು, ಮೇವು, ಹಾಲು, ನನ್ನ ಮೈ ತೊಳೆಯೋದು, ಎಲ್ಲಾ ಮಾಡಬೇಕು. ಮಗಳ ಕಾಲೇಜ್ ಫೀ ಕಟ್ಟೋ ದಿನ ಹತ್ರ ಬಂದಿತ್ತು. ಸೊಸೈಟಿ ಸಾಲ ಬ್ಯಾರೆ.

ನೋಡಾಕ ಬಂದವರು ಭಾಳ ಮಂದಿ. ಅವರೆಲ್ಲಾರ ಋಣ ನನ್ನ ಮ್ಯಾಲೆ ಐತಿ. ಆದ್ರ ಹಾಸಿಗಿ ಮ್ಯಾಲೆ ಮಲಗಿದವಗ ಬಂದವರ ಮಾತಿನ ತೂಕ ಬಲು ಸೂಕ್ಷ್ಮಾಗಿ ತಿಳಿತೈತಿ. ಒಬ್ಬರು ಬಂದು, "ದೇವರು ಪರೀಕ್ಷಾ ಮಾಡಾಕ ಹತ್ಯಾನ" ಅಂದ್ರು. ಇನ್ನೊಬ್ಬರು, "ಇದರಾಗೂ ಏನೋ ಒಳ್ಳೇದು ಇರತೈತಿ ಬಿಡು" ಅಂದ್ರು. ಮತ್ತೊಬ್ಬರು ತಮ್ಮ ಬೀಗರಿಗೆ ಹಿಂಗ ಆಗಿ ಕೊನಿಗೂ ಎದ್ದು ನಡೀಲೇ ಇಲ್ಲ ಅನ್ನೋ ಕತಿ ಚಾ ಕುಡಿಯೂತನಕಾ ಹೇಳಿ ಹೋದ್ರು. ಒಬ್ಬ ಮನಷಾ ಮಾತ್ರ, ಹೆಸರು ಬ್ಯಾಡ, ಕುಂತು ಆ ಮಾತು ಈ ಮಾತು ಆಡಿ ಏಳೋ ಮುಂದ ಕೇಳಿದ: "ಮ್ಯಾಲಿನ ಹೊಲ ಕೊಡೋ ವಿಚಾರ ಐತೇನು? ಇದ್ರ ನನಗ ಮೊದಲು ಹೇಳು." ಅವನ ದನಿಯಾಗ ಕೆಟ್ಟತನ ಇರಲಿಲ್ಲ. ಸಂತ್ಯಾಗ ಎತ್ತಿನ ಹಲ್ಲು ನೋಡೋವಾಗ ಇರತೈತಲ್ಲ, ಅಂಥಾ ದನಿ. ಆ ರಾತ್ರಿ ನನಗ ಬೆನ್ನಿನ ಬ್ಯಾನಿಗಿಂತ ಅದೇ ಹೆಚ್ಚು ನೋಯಿಸಿತು. ನಾನು ಇನ್ನೂ ಉಸಿರಾಡಾಕ ಹತ್ತೇನಿ, ನನ್ನ ಹೊಲಕ್ಕ ಆಗಲೇ ರೇಟ್ ಕಟ್ಟಾಕ ಹತ್ಯಾರ ಅನಿಸಿತು.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ನಮ್ಮ ಓಣಿಯ ಒಬ್ಬ ಕಾಕಾ. ವಯಸ್ಸು ಎಪ್ಪತ್ತರ ಮ್ಯಾಲೆ. ಹದಿನೈದು ವರ್ಷದ ಹಿಂದ ಬೆಳೆದ ಮಗನ್ನ ಕಳಕೊಂಡವರು. ಮೊದಲನೇ ದಿನ ಬಂದು ನನ್ನ ಕಾಲು ಮುಟ್ಟಿ ನೋಡಿದ್ರು, ಒಂದು ಮಾತೂ ಆಡಲಿಲ್ಲ. ಸೀದಾ ಹಿತ್ತಲಕ್ಕ ಹೋಗಿ ಹೆಂಡಿಕಸ ತೆಗೆದು, ಗ್ವಾದ್ಲಿಗೆ ಮೇವು ಹಾಕಿ, ಎತ್ತಿಗೆ ನೀರು ತೋರಿಸಿ ಹೋದ್ರು. ಮರುದಿನವೂ ಅಷ್ಟೇ. ಒಂದು ತಿಂಗಳು ಹಿಂಗ ಬಂದ್ರು. ನಾನು ಒಮ್ಮೆ ಕೇಳಿದೆ, "ಕಾಕಾ, ನೀವು ಒಳಗ ಬಂದು ಕೂಡಂಗೂ ಇಲ್ಲಲ್ಲ?" ಅಂತ. ಅವರು ಅಂದದ್ದು ಇಷ್ಟು: "ತಮ್ಮಾ, ನನ್ನ ಮಗಾ ಹೋದಾಗ ಮನಿ ತುಂಬ ಮಂದಿ ಕುಂತಿದ್ರು. ಹಿತ್ತಲದಾಗ ಎಮ್ಮಿ ಎರಡು ದಿನ ಉಪವಾಸ ನಿಂತಿತ್ತು. ಅದು ಯಾರಿಗೂ ಕಾಣಲಿಲ್ಲ."

ಈ ಒಂದು ಮಾತು ನನಗ ದೊಡ್ಡ ಪಾಠ ಆತು. ನಾವು ಕನಿಕರ ಅಂದ್ರ ಮನಸ್ಸು ಕರಗೋದು, ಕಣ್ಣಾಗ ನೀರು ಬರೋದು ಅಂತ ತಿಳಿತೀವಿ. ಕಾಕಾನ ಕಣ್ಣಾಗ ನೀರು ಇರಲಿಲ್ಲ. ಅವರಿಗೆ ಒಂದು ತಿಳುವಳಿಕಿ ಇತ್ತು: ಕಷ್ಟ ಬಂದ ಮನಿಯಾಗ ಯಾವುದು ಯಾರ ಕಣ್ಣಿಗೂ ಬೀಳದೆ ಉಪವಾಸ ನಿಂತಿರತೈತಿ ಅನ್ನೋ ತಿಳುವಳಿಕಿ. ಅದು ಪುಸ್ತಕದಾಗ ಸಿಗಂಗಿಲ್ಲ. ಅವರು ಅದನ್ನ ತಮ್ಮ ಮಗನ ಸಾವಿನಿಂದ ಕಲ್ತಿದ್ರು.

ನಮ್ಮ ಮನಿ ಕ್ರೈಸ್ತರ ಮನಿ ಅನ್ನೋದು ಬಹಳ ಮಂದಿಗೆ ಗೊತ್ತು. ನಮ್ಮ ಮುತ್ತಜ್ಜನ ಅವ್ವ ಧಾತು-ಈಶ್ವರ ಸಂವತ್ಸರದ ಬರದಾಗ, ಅಂದ್ರ 1876-78ರಾಗ, ತಬ್ಬಲಿಯಾಗಿ ಮಿಷನ್ನಿನವರ ಮನಿ ಸೇರಿದಾಕಿ ಅಂತ ಮನಿಯಾಗ ಹೇಳಿಕೊಂತ ಬಂದಾರ. ಆಗ ಹಾವೇರಿ ಧಾರವಾಡ ಜಿಲ್ಲಾದಾಗ ಇತ್ತು. ಆ ಬರ ನಮ್ಮ ಜಿಲ್ಲಾ, ಬಿಜಾಪುರ, ಬಳ್ಳಾರಿ ಎಲ್ಲಾ ಕಡೆ ಮಂದಿಯನ್ನ ಒಕ್ಕಿ ಹಾಕಿತ್ತು. ಈ ಪುಟದಾಗ ನಾನು ಧರ್ಮದ ವಿಷಯ ತಂದಿಲ್ಲ, ಇವತ್ತೂ ಪ್ರಚಾರಕ್ಕ ಬರಿಯಾಕ ಹತ್ತಿಲ್ಲ. ಆದ್ರ ಹೊಲ ಯಾಕ ಬಿಟ್ಟೆ ಅನ್ನೋದಕ್ಕ ಕಾರಣ ಕೇಳಿದ್ರಿ, ಕಾರಣ ಅಲ್ಲೇ ಐತಿ. ಮುಚ್ಚಿಟ್ಟು ಹೇಳಿದ್ರ ಅರ್ಧ ಹೇಳಿದಂಗ ಆಗತೈತಿ.

ಹಾಸಿಗಿ ಮ್ಯಾಲೆ ಇದ್ದಾಗ ನಮ್ಮ ಸಭೆಯ ಹಿರಿಯರೊಬ್ಬರು ಪಂಡಿತಾ ರಮಾಬಾಯಿಯವರ ಜೀವನದ ಪುಸ್ತಕ ತಂದುಕೊಟ್ರು. ಹೆಸರು ಕೇಳಿದ್ದೆ, ಮಹಾರಾಷ್ಟ್ರದವರು ಅಂತಷ್ಟೇ ಗೊತ್ತಿತ್ತು. ಓದಿದಾಗ ಮೊದಲನೇ ಪುಟದಾಗೇ ನಿಂತುಬಿಟ್ಟೆ. ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಾಗ. ಗಂಗಾಮೂಲ ಅಂದ್ರ ಯಾವುದು? ತುಂಗಾ, ಭದ್ರಾ ಹುಟ್ಟೋ ಜಾಗ. ಕೂಡ್ಲಿಯಲ್ಲಿ ಕೂಡಿ, ಹರಿಹರ ದಾಟಿ, ನಮ್ಮ ಗಳಗನಾಥದ ಹತ್ತಿರ ವರದೆಯನ್ನ ಸೇರಿಸಿಕೊಂಡು ಹೋಗತಾಳಲ್ಲ, ಆ ಹೊಳಿ ಹುಟ್ಟೋ ಕಾಡಿನಾಗ ಹುಟ್ಟಿದಾಕಿ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳ ಸೀಮೆಯ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಅನ್ನೋದೇ ಆ ಕಾಲದಲ್ಲಿ ತಪ್ಪಾಯಿತು. ಸ್ವಜನರ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಮಗಳು ಕೆಲವೇ ತಿಂಗಳ ಕೂಸಾಗಿದ್ದಾಗ ಆ ಮನೆಯನ್ನೂ ಬಿಟ್ಟು ಸಂಸಾರ ಸಮೇತ ತೀರ್ಥಕ್ಷೇತ್ರಗಳನ್ನು ಸುತ್ತುತ್ತ, ಪುರಾಣ ಓದುತ್ತ ಹೊರಟರು. ಕೂಸನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ಘಟ್ಟ ಇಳಿದರಂತೆ. ಊರೂರು ನಡೆಯುತ್ತಲೇ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದಳು.

1870ರ ದಶಕದ ನಡುವೆ ದಕ್ಷಿಣದಲ್ಲಿ ಬರ ಬಂತು. ಪುರಾಣ ಹೇಳಿದರೆ ಕಾಳು ಹಾಕುವವರ ಮನೆಯಲ್ಲೇ ಕಾಳಿಲ್ಲ. ಇದ್ದದ್ದೆಲ್ಲ ಮಾರಿ ತಿಂದಾಯಿತು. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಮಾನ ಬಿಡುವುದಿಲ್ಲ. ಕಾಡಿನಲ್ಲಿ ಎಲೆ, ಕಾಡುಹಣ್ಣು ತಿಂದು ನೀರು ಕುಡಿದು ದಿನ ಕಳೆದರು. ಮೊದಲು ತಂದೆ ಹೋದರು, ಕೆಲವೇ ತಿಂಗಳಲ್ಲಿ ತಾಯಿ, ಆಮೇಲೆ ಅಕ್ಕ. ತಾಯಿ ಸಾಯುವ ಮುಂಚೆ ಒಂದು ತುಂಡು ರೊಟ್ಟಿಗಾಗಿ ಪಕ್ಕದ ಮನೆ ಬಾಗಿಲಲ್ಲಿ ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ ಅಂತ ರಮಾಬಾಯಿ ಮುಂದೆ ಬರೆದಿದ್ದಾರೆ. ಹದಿನಾರರ ಸುಮಾರಿನ ಹುಡುಗಿ, ಜೊತೆಗೆ ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದರು. ಪಂಜಾಬಿನ ಚಳಿಯಲ್ಲಿ ಹೊದಿಯಲು ಅರಿವೆ ಇಲ್ಲದೆ ಝೀಲಂ ಹೊಳೆಯ ದಂಡೆಯಲ್ಲಿ ಗುಂಡಿ ತೋಡಿ, ತಲೆ ಮಾತ್ರ ಹೊರಗೆ ಬಿಟ್ಟು ಮೈಮೇಲೆ ಒಣ ಮರಳು ಎಳೆದುಕೊಂಡು ಮಲಗಿದರು.

1878ರಲ್ಲಿ ಕಲ್ಕತ್ತೆ ಮುಟ್ಟಿದಾಗ ಅಲ್ಲಿನ ಪಂಡಿತರು ಇವರ ವಿದ್ಯೆ ನೋಡಿ ಬೆರಗಾಗಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ಟರು. ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1880ರಲ್ಲಿ ಅಣ್ಣ ತೀರಿದ. ಅದೇ ವರ್ಷ ಬಂಗಾಳದ ವಕೀಲರೊಬ್ಬರನ್ನು ಜಾತಿ ಮೀರಿ ಮದುವೆಯಾದರು. 1882ರಲ್ಲಿ ಗಂಡ ಕಾಲರಾದಿಂದ ಹೋದ. ಮಡಿಲಲ್ಲಿ ವರ್ಷ ತುಂಬದ ಮಗಳು ಮನೋರಮಾ. ರಮಾಬಾಯಿಗೆ ಆಗ ಇಪ್ಪತ್ಮೂರು ವರ್ಷ, ಆ ಕಾಲದ ವಿಧವೆ. ಮರು ವರ್ಷ ಇಂಗ್ಲೆಂಡಿಗೆ ಹೋದರು. ಲೋಕ ಬೀದಿಪಾಲು ಮಾಡಿದ ಹೆಂಗಸರನ್ನು ಅಲ್ಲಿ ಸನ್ಯಾಸಿನಿಯರು ಒಳಗೆ ಕರೆದು ಕೂಡಿಸಿಕೊಂಡು ಸಾಕುವುದನ್ನು ಕಂಡರು. ಯಾಕೆ ಹೀಗೆ ಅಂತ ಕೇಳಿದಾಗ, ಬಾವಿಕಟ್ಟೆಯ ಮೇಲೆ ಸಮಾರ್ಯದ ಹೆಂಗಸಿನ ಕೂಡ ಯೇಸು ಮಾತಾಡಿದ ಪ್ರಸಂಗ ಓದಿಕೊಟ್ಟರಂತೆ. ಆ ವರ್ಷವೇ, 1883ರಲ್ಲಿ, ದೀಕ್ಷಾಸ್ನಾನ ತೆಗೆದುಕೊಂಡರು. ಇದರಿಂದ ಊರಲ್ಲಿ ಅನೇಕರಿಗೆ ಸಿಟ್ಟು ಬಂತು. ಪುಣೆಯ ಪತ್ರಿಕೆಗಳು ಕಟುವಾಗಿ ಬರೆದವು. ಅದೂ ಇತಿಹಾಸವೇ, ಮುಚ್ಚಿಡುವುದಿಲ್ಲ.

ನಾನು ಹಾಸಿಗಿ ಮ್ಯಾಲೆ ಎದ್ದು ಕುಂತು ಓದಿದ್ದು ಮುಂದಿನ ಭಾಗ.

1896-97ರಲ್ಲಿ ಮಧ್ಯ ಪ್ರಾಂತದಲ್ಲಿ ದೊಡ್ಡ ಬರ. ರಮಾಬಾಯಿ ಅಷ್ಟರಲ್ಲಿ ಹೆಸರಾದವರು. ವಿಧವೆಯರಿಗಾಗಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದು ಆಮೇಲೆ ಪುಣೆಗೆ ತಂದಿದ್ದರು. ಆ ಕೆಲಸವೇ ಕೈ ತುಂಬ ಇತ್ತು. ದೂರದ ಬರ ಅಂತ ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಸುಮ್ಮನಿರಲು ಆಗಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ತಮ್ಮ ಹಸಿವು ನೆನಪಾಯಿತು. ತಮ್ಮ ಆಗಿನ ವಯಸ್ಸಿನ ಹುಡುಗಿಯರು ಈಗ ಹೇಗಿರಬಹುದು, ಯಾರ ಕೈಗೆ ಸಿಗಬಹುದು ಅನ್ನುವುದು ಅವರಿಗೆ ಗೊತ್ತಿತ್ತು. ತಾವೇ ಹೋದರು. ಬರದ ಹಳ್ಳಿಗಳಿಂದ ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಸದನದ ಖರ್ಚಿಗೆ ಆಗಲಿ ಅಂತ ಹಣ್ಣಿನ ತೋಟಕ್ಕಾಗಿ ನೂರು ಎಕರೆಯಷ್ಟು ಹೊಲ ತೆಗೆದುಕೊಂಡಿದ್ದರು. ಆ ಹೊಲದಲ್ಲೇ ಗುಡಿಸಲು ಹಾಕಿದರು. "ಮುಕ್ತಿ" ಅಂತ ಹೆಸರಿಟ್ಟರು. 1900ರ ಬರದಲ್ಲಿ ಗುಜರಾತದ ಕಡೆಯಿಂದಲೂ ಹುಡುಗಿಯರು ಬಂದರು. ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಮುಟ್ಟಿತು.

ಸಂಖ್ಯೆಗಿಂತ ನನಗ ಹಿಡಿಸಿದ್ದು ಅವರು ಕೊಟ್ಟ ರೀತಿ. ತಮ್ಮ ಮನಿಯ ಹಸಿವಿನಾಗ ಏನು ಕೊರತಿ ಇತ್ತೋ ಅದನ್ನೇ ಹುಡುಕಿ ತುಂಬಿದ್ರು. ತಂದೆ-ತಾಯಿ ಅಷ್ಟು ವಿದ್ಯೆ ಇದ್ದೂ ಕೈಕೆಲಸ ಗೊತ್ತಿಲ್ಲದೆ ಹಸಿದು ಸತ್ರು. ಅದಕ್ಕ ಮುಕ್ತಿಯೊಳಗ ಪ್ರತಿ ಹುಡುಗಿಗೂ ಅಕ್ಷರದ ಜೊತಿ ಒಂದು ಕೈಕೆಲಸ: ನೇಯ್ಗೆ, ಗಾಣ, ಹೈನು, ಹೊಲದ ಕೆಲಸ, ಅಚ್ಚು ಹಾಕೋದು. ಬಾವಿ ತೋಡಿಸಿದ್ರು. ಕಣ್ಣಿಲ್ಲದವರಿಗೆ ಬಾರ್ತಿಮಿ ಸದನ ಅಂತ ಬ್ಯಾರೆ ಮನಿ ಮಾಡಿ ಬ್ರೈಲ್ ಕಲಿಸಿದ್ರು. ಮೋಸ ಹೋದ ಹೆಣ್ಣುಮಕ್ಕಳಿಗೆ ಕೃಪಾ ಸದನ. 1922ರ ಏಪ್ರಿಲ್ 5ರಂದು ತೀರಿಕೊಳ್ಳೋತನಕಾ ಅಲ್ಲೇ ಇದ್ರು. ಕೊನಿಯ ವರ್ಷಗಳಾಗ ಹಳ್ಳಿ ಹೆಂಗಸರಿಗೆ ತಿಳಿಯೋ ಸರಳ ಮರಾಠಿಯಲ್ಲಿ ಬೈಬಲ್ ಅನುವಾದ ಮಾಡಿ ಮುಗಿಸಿದ್ರು. ಮಗಳು ಅದರ ಹಿಂದಿನ ವರ್ಷವೇ ಹೋಗಿದ್ದಳು. ಮುಕ್ತಿ ಇವತ್ತಿಗೂ ನಡದೈತಿ.

ಹಿತ್ತಲದಾಗ ಎಮ್ಮಿ ಉಪವಾಸ ನಿಂತದ್ದು ಕಾಕಾನಿಗೆ ಹೆಂಗ ಕಂಡಿತ್ತೋ, ಕೈಕೆಲಸ ಇಲ್ಲದೆ ವಿದ್ಯೆ ಉಪವಾಸ ಬಿದ್ದದ್ದು ರಮಾಬಾಯಿಗೆ ಹಂಗ ಕಂಡಿತ್ತು.

ಹಂಗಾದ್ರ ಕಷ್ಟ ಉಂಡವರೆಲ್ಲ ಕನಿಕರದವರು ಆಗತಾರೇನು? ಇಲ್ಲ ರೀ. ನಿಮ್ಮ ಊರಾಗೂ ನೋಡೀರಿ, ನಮ್ಮ ಊರಾಗೂ ನೋಡೀನಿ. ಒಬ್ಬ ತಾನು ಬಡ್ಡಿ ಸಾಲದಾಗ ಸುಟ್ಟು ಹೋಗಿ ಮ್ಯಾಲೆ ಬಂದಮ್ಯಾಲೆ ತಾನೇ ಬಡ್ಡಿಗೆ ಕೊಡಾಕ ಸುರು ಮಾಡತಾನ. "ನನಗ ಯಾರು ಬಿಟ್ಟಿದ್ರು?" ಅಂತಾನ. ಅತ್ತಿಯ ಕೈಯಾಗ ಅತ್ತ ಸೊಸಿ ತಾನು ಅತ್ತಿ ಆದಾಗ ಅದನ್ನೇ ಮಾಡತಾಳ. ಒಂದೇ ಬೆಂಕಿ ಮಣ್ಣನ್ನ ಗಟ್ಟಿ ಮಾಡತೈತಿ, ಮೇಣವನ್ನ ಮೆತ್ತಗ ಮಾಡತೈತಿ. ಹಂಗಾದ್ರ ನಡುವಿನ ಫರಕು ಯಾವುದು?

ಇದಕ್ಕ ನನಗ ಸಿಕ್ಕ ಉತ್ತರ ಬೈಬಲಿನ ಹಳೇ ಒಡಂಬಡಿಕೆಯಾಗ, ಧರ್ಮೋಪದೇಶಕಾಂಡದ 24ನೇ ಅಧ್ಯಾಯದಾಗ ಐತಿ. ಅದು ಪೂರಾ ನಮ್ಮ ರೈತರಿಗೇ ಬರೆದಂಗ ಐತಿ. ಅಲ್ಲಿ ಬರೋ ಕಾನೂನು ಇವು: ವಿಧವೆಯ ಅರಿವಿಯನ್ನ ಒತ್ತಿ ಇಟ್ಟುಕೊಳ್ಳಬ್ಯಾಡ. ಸುಗ್ಗಿಯಾಗ ಒಂದು ಸಿವುಡು ಹೊಲದಾಗ ಮರೆತು ಬಂದ್ರ ತಿರುಗಿ ಹೋಗಿ ತರಬ್ಯಾಡ, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಇರಲಿ. ಎಣ್ಣೆಮರದ ಟೊಂಗಿ ಎರಡನೇ ಸಲ ಜಾಡಿಸಬ್ಯಾಡ. ದ್ರಾಕ್ಷಿ ಎರಡನೇ ಸಲ ಕೀಳಬ್ಯಾಡ. ನಾವು ಹಕ್ಕಲು ಅಂತೀವಲ್ಲ, ಅದೇ. ಶೇಂಗಾ ಕಿತ್ತ ಹೊಲದಾಗ, ಜೋಳ ಕೊಯ್ದ ಹೊಲದಾಗ ಹಕ್ಕಲು ಆರಿಸಾಕ ಬಂದವರನ್ನ ಬ್ಯಾಡ ಅನಬಾರದು ಅಂತ ನಮ್ಮ ಹಿರೇರು ಹೇಳತಿದ್ರು. ಅಲ್ಲಿ ಅದಕ್ಕ ಕಾರಣಾನೂ ಕೊಟ್ಟಾರ, ಎರಡು ಸಲ: ನೀನೇ ಐಗುಪ್ತದಾಗ ಗುಲಾಮ ಆಗಿದ್ದಿ ಅನ್ನೋದನ್ನ ನೆನಪಿಟ್ಟುಕೋ, ಅದಕ್ಕೇ ಈ ಆಜ್ಞೆ.

ಆ ಎರಡು ಸಲ ಹೇಳಿದ ಕಾರಣದಾಗ ದಾನ ಮಾಡಿದ್ರ ಪುಣ್ಯ ಬರತೈತಿ ಅನ್ನೋ ಮಾತಿಲ್ಲ. ಪಾಪ, ಬಡವರು ಅಂತಾನೂ ಅಲ್ಲ. ನೀನು ಅಲ್ಲಿ ಇದ್ದವ, ಆ ಹೊಟ್ಟಿ ನಿನಗ ಗೊತ್ತು, ಅಷ್ಟೇ. ಕಷ್ಟ ತಾನಾಗೇ ಯಾರನ್ನೂ ಒಳ್ಳೇವ್ರನ್ನ ಮಾಡಂಗಿಲ್ಲ. ಅದನ್ನ ನೆನಪು ಇಟ್ಟುಕೊಳ್ಳಾಕ ಬೇಕು, ಅದೂ ಸುಗ್ಗಿಯಾಗ, ಚೀಲ ತುಂಬಿದಾಗ. ಹಸಿದಾಗ ಎಲ್ಲಾರಿಗೂ ಹಸಿವು ನೆನಪಿರತೈತಿ. ರಾಶಿ ಮುಂದ ಕುಂತಾಗ ನೆನಪು ಆಗೋದು ಕಷ್ಟ. ಅದಕ್ಕೇ ಆ ಕಾನೂನನ್ನ ಕಣದಾಗ, ಬದುವಿನ ಮ್ಯಾಲೆ ತಂದು ನಿಲ್ಲಿಸ್ಯಾರ.

ರೂತಳ ಕತಿ ಸಹ ಹೊಲದ್ದೇ. ಪರದೇಶದ ವಿಧವೆ, ಅತ್ತಿಯನ್ನ ಸಾಕಾಕ ಜವೆಗೋದಿ ಹೊಲದಾಗ ಹಕ್ಕಲು ಆರಿಸಾಕ ಬರತಾಳ. ಹೊಲದ ಯಜಮಾನ ಬೋವಜ ತನ್ನ ಆಳುಗಳಿಗೆ ಹೇಳಿದ್ದು: ಆಕಿಯನ್ನ ಗದರಬ್ಯಾಡ್ರಿ, ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನಿ ಜಾರಿಸಿ ಬಿಡ್ರಿ, ಆಕಿ ಆರಿಸಿಕೊಳ್ಳಲಿ. ಕೈಗೆ ಎತ್ತಿ ಕೊಡಬಹುದಿತ್ತು. ಕೊಟ್ಟಿದ್ರ ಆಕಿ ತಲಿ ತಗ್ಗಿಸಿ ಇಸಗೊಳ್ಳಬೇಕಿತ್ತು. ಈಗ ತಾನೇ ಆರಿಸಿದ ಕಾಳು ಆಕಿಯದು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ ವಂಶಾವಳಿಯಾಗ ಈ ಬೋವಜನ ತಾಯಿ ರಾಹಾಬಳು ಅಂತ ಐತಿ. ಆಕಿ ಹೊರಗಿನವಳು, ಮಂದಿ ಬಾಯಾಗ ಕೆಟ್ಟ ಹೆಸರು ಹೊತ್ತಾಕಿ. ಹೊರಗಿನ ಹೆಂಗಸಿಗೆ ಎಲ್ಲಿ ನೋವಾಗತೈತಿ ಅನ್ನೋದು ಬೋವಜಗ ಅವ್ವನ ಮನಿಯಾಗೇ ಗೊತ್ತಾಗಿರಬೇಕು ಅಂತ ನನಗನಿಸತೈತಿ. ಇದು ನನ್ನ ಲೆಕ್ಕ, ಪುಸ್ತಕದಾಗ ಹಂಗ ಬರದಿಲ್ಲ.

ಈಗ ಹೊಲದ ವಿಷಯಕ್ಕ ಬರತೀನಿ.

ಹೋದ ವರ್ಷ ನನ್ನ ಬದುವಿನ ಆಚೆಯ ಹೊಲದ ಹುಡುಗ ತೀರಿಕೊಂಡ. ಹೆಂಗ ಅಂತ ಬರೆಯಂಗಿಲ್ಲ, ನಮ್ಮ ಜಿಲ್ಲಾದಾಗ ಅದನ್ನ ಬಿಡಿಸಿ ಹೇಳೋದು ಬೇಕಾಗಿಲ್ಲ. ಹೆಂಡತಿಗೆ ಇನ್ನೂ ಮೂವತ್ತು ತುಂಬಿಲ್ಲ, ಎರಡು ಕೂಸು. ತಿಂಗಳ ದಿನ ಮಾಡೋ ಮೊದಲೇ ಹೊಲಕ್ಕ ಗಿರಾಕಿ ಬಂದ್ರು. ನಮ್ಮ ತಮ್ಮನೇ ನನಗ ಹೇಳಿದ:

"ಅಣ್ಣಾ, ಬದು ಹೊಂದಿದ ಹೊಲ ಮತ್ತ ಸಿಗಂಗಿಲ್ಲ. ಮೆಣಸಿನಕಾಯಿ ರೊಕ್ಕ ಐತಿ. ನೀ ತಗೊಳ್ಳಲಿಲ್ಲ ಅಂದ್ರ ಬ್ಯಾರೆಯವರು ತಗೋತಾರ. ಆಕಿಗೂ ಸಾಲ ಹರೀತೈತಿ."

"ಎಷ್ಟಕ್ಕ?" ಅಂದೆ.

ಅವ ಹೇಳಿದ ರೇಟ್ ಪ್ಯಾಟಿ ರೇಟಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

"ಅವ ಇದ್ದಿದ್ರ ಈ ರೇಟಿಗೆ ಕೊಡತಿದ್ದನೇನು?"

"ಇದ್ದಿದ್ರ ಕೊಡತಿದ್ದಿಲ್ಲ. ಅದಕ್ಕ ಅಲ್ಲೇನು ಈಗ ತಗೋ ಅನ್ನೋದು."

ನಮ್ಮ ತಮ್ಮ ಕೆಟ್ಟವ ಅಲ್ಲ. ಲೆಕ್ಕ ಸರಿ ಹೇಳಿದ್ದ. ಆದ್ರ ನಾನು ಹಾಸಿಗಿ ಮ್ಯಾಲೆ ಇದ್ದಾಗ "ಮ್ಯಾಲಿನ ಹೊಲ ಕೊಡೋ ವಿಚಾರ ಐತೇನು" ಅಂತ ಕೇಳಿದ ದನಿ ನನ್ನ ಕಿವಿಯಾಗ ಇನ್ನೂ ಐತಿ. ಅದೇ ದನಿ ನನ್ನ ಬಾಯಿಂದ ಆ ತಂಗಿಯ ಕಿವಿಗೆ ಹೋಗೋದು ನನಗ ಆಗಲಿಲ್ಲ. ಹೊಲ ಬಿಟ್ಟಿದ್ದಕ್ಕ ಕಾರಣ ಇಷ್ಟೇ ರೀ. ಇದು ದೊಡ್ಡ ತ್ಯಾಗ ಅಲ್ಲ. ಎಲ್ಲಿ ಒತ್ತಿದ್ರ ನೋಯತೈತಿ ಅಂತ ಗೊತ್ತಿದ್ದವ ಅಲ್ಲಿ ಕೈ ಇಡಲಿಲ್ಲ, ಅಷ್ಟೇ.

ಬಿಟ್ಟರ ಸಾಲದು, ಬ್ಯಾರೆಯವರು ತಗೋತಿದ್ರು. ಅದಕ್ಕ ಮನಿಯಾಕಿ, ನಾನು, ಕಾಕಾ ಕೂಡಿ ಮೊದಲು ಅಲ್ಲಿ ಏನು ಉಪವಾಸ ನಿಂತೈತಿ ನೋಡಿದ್ವಿ. ಸಮಾಧಾನ ಹೇಳಾಕ ಮಂದಿ ಇದ್ರು. ಕಾಗದಪತ್ರ ಹಿಡಕೊಂಡು ಅಡ್ಡಾಡಾಕ ಯಾರೂ ಇರಲಿಲ್ಲ. ಉತಾರ ಇನ್ನೂ ಮಾವನ ಹೆಸರಿನಾಗ ಇತ್ತು. ನಾಡಕಚೇರಿಗೆ, ತಲಾಟಿ ಹತ್ರ, ಸೊಸೈಟಿಗೆ ಆಕಿಯ ಜೊತಿ ಮನಿಯಾಕಿ ಹೋದ್ಲು. ವಾರಸಾ ಹಚ್ಚೋ ಅರ್ಜಿ ಕೊಟ್ರು, ವಿಧವಾ ವೇತನಕ್ಕ ಅರ್ಜಿ ಹಾಕಿದ್ರು. ಸಾಲದ ಸಲುವಾಗಿ ಸತ್ತ ರೈತನ ಮನಿಗೆ ಸರ್ಕಾರದ ಐದು ಲಕ್ಷ ಪರಿಹಾರ ಐತಿ, ಅದು ಉಪವಿಭಾಗಾಧಿಕಾರಿಯವರ ಸಮಿತಿಯಾಗ ತೀರ್ಮಾನ ಆಗಬೇಕು. ಅದರ ಕಾಗದ ಕೂಡಿಸೋದು ಇನ್ನೂ ನಡದೈತಿ. ಹೊಲ ಒಂದು ವರ್ಷಕ್ಕ ಲಾವಣಿಗೆ ಕೊಡೋದು ಅಂತ ಆತು. ಸುತ್ತಲಿನ ರೇಟಿನಷ್ಟೇ ಲಾವಣಿ, ಒಂದು ರೂಪಾಯಿ ಕಡಿಮಿ ಇಲ್ಲ, ಕಾಗದ ಮ್ಯಾಲೆ ಬರೆದು. ಆಕಿಯ ಇಚ್ಛಾದಂಗ ಅರ್ಧ ಎಕರೆ ಆಕಿಯ ಕೈಯಾಗೇ ಉಳೀತು, ಅಲ್ಲಿ ಮೆಣಸಿನ ಗಿಡ ಆಕಿಯೇ ಹಚ್ಚ್ಯಾಳ. ನಮ್ಮ ಟ್ರ್ಯಾಕ್ಟರ್ ಬಾಡಿಗಿ ರಾಶಿ ಆದಮ್ಯಾಲೆ ಕೊಡತೀನಿ ಅಂದ್ಲು. "ಬಿಡವ್ವಾ" ಅನ್ನಬೇಕು ಅಂತ ಬಾಯಿಗೆ ಬಂದಿತ್ತು. ಬೋವಜನ ಸಿವುಡು ನೆನಪಾಗಿ "ಆತವ್ವಾ, ರಾಶಿ ಆದಮ್ಯಾಲೆ ಕೊಡು" ಅಂದೆ.

ಮುಂದ ಆ ಹೊಲ ಆಕಿಯ ಹತ್ರ ಉಳೀತೈತೋ ಇಲ್ಲೋ, ನಾನು ಮಾತು ಕೊಡಾಕ ಆಗಂಗಿಲ್ಲ. ಕೈಗಡದವರು ಇನ್ನೂ ಬರತಾರ. ಮುಂದಿನ ಮುಂಗಾರು ಹೆಂಗೋ ಏನೋ. ಕೊನಿಗೆ ಮಾರಬೇಕೇ ಆದ್ರ, ಸರಿ ರೇಟಿಗೆ, ಆಕಿ ತಲಿ ಎತ್ತಿ ವಿಚಾರ ಮಾಡಿ, ಅಳೋದು ನಿಂತಮ್ಯಾಲೆ ಮಾರಲಿ. ನಮ್ಮ ಕೈಯಾಗ ಇದ್ದದ್ದು ಆ ಹೊತ್ತನ್ನ ಆಕಿಗೆ ಕೊಡೋದಷ್ಟೇ.

ಒಂದು ಮಾತು ಸ್ಪಷ್ಟ ಹೇಳಬೇಕು. ಇದನ್ನ ಓದಿ ಯಾರೂ ಕಷ್ಟದಾಗ ಇದ್ದವರ ಮುಂದ ಹೋಗಿ, "ದೇವರು ನಿನಗ ಕನಿಕರ ಕಲಿಸಾಕ ಇದನ್ನ ಕೊಟ್ಟಾನ" ಅನ್ನಬ್ಯಾಡ್ರಿ. ನನ್ನ ಬೆನ್ನು ಮುರದದ್ದು ನನಗ ಪಾಠ ಕಲಿಸಾಕ ಅಂತ ನಾನು ನಂಬಂಗಿಲ್ಲ. ರಮಾಬಾಯಿಗೆ ಮುಕ್ತಿ ಕಟ್ಟೋ ಬುದ್ಧಿ ಬರಲಿ ಅಂತ ಆಕಿಯ ಅವ್ವ ಹಸಿದು ಸತ್ತಳು ಅನ್ನೋ ದೇವರು ನನಗ ಬ್ಯಾಡ. ನಾನು ನಂಬೋ ಕ್ರಿಸ್ತ ಮ್ಯಾಲೆ ಕುಂತು ಪರೀಕ್ಷಾ ಪತ್ರಿಕಾ ಹಂಚೋ ಮಾಸ್ತರ ಅಲ್ಲ. ತಾನೇ ಹಸಿದವ, ಗೆಳೆಯನ ಸಮಾಧಿ ಮುಂದ ಅತ್ತವ, ತನ್ನವರೇ ಕೈ ಬಿಟ್ಟಾಗ ಶಿಲುಬೆ ಮ್ಯಾಲೆ ಒದರಿದವ. ತಾನು ಪಟ್ಟಿದ್ದರಿಂದ ಪಡುವವರ ಪಕ್ಕ ನಿಲ್ಲಾಕ ಬಲ್ಲವ ಅಂತ ಇಬ್ರಿಯರಿಗೆ ಬರೆದ ಪತ್ರಿಕೆಯಾಗ ಐತಿ. ಪೌಲ ಕೊ��ಿಂಥದವರಿಗೆ ಬರೆದದ್ದೂ ಅದೇ ಅರ್ಥ: ನಮಗ ಸಿಕ್ಕ ಸಮಾಧಾನ ನಾವು ಕಟ್ಟಿ ಇಟ್ಟುಕೊಳ್ಳಾಕ ಅಲ್ಲ, ಅದೇ ಹಾದಿಯಾಗ ಬರೋ ಇನ್ನೊಬ್ಬರಿಗೆ ದಾಟಿಸಾಕ. ಕಾಲುವಿ ನೀರು ಇದ್ದಂಗ. ನಮ್ಮ ಹೊಲದಾಗೇ ಒಡ್ಡು ಹಾಕಿ ನಿಲ್ಲಿಸಿದ್ರ ನಮ್ಮ ಬೆಳೀನೂ ಕೊಳೀತೈತಿ, ಕೆಳಗಿನವನ ಬೆಳೀನೂ ಒಣಗತೈತಿ.

ಕಷ್ಟದಿಂದ ಏನು ಕಲ್ತೆ ಅಂತ ಹೇಳೋ ಹಕ್ಕು ಆ ಕಷ್ಟ ಉಂಡವಗ ಮಾತ್ರ ಐತಿ. ನೋಡಾಕ ಹೋದವರ ಕೆಲಸ ಹೆಂಡಿಕಸ ತೆಗೆಯೋದು.

ಕ್ರೈಸ್ತರಿಗೆ ಮಾತ್ರ ಇದು ಗೊತ್ತು ಅಂತ ತಿಳಿಬ್ಯಾಡ್ರಿ. ಕಾಕಾ ಇಷ್ಟಲಿಂಗ ಕಟ್ಟಿದವರು. ನಮ್ಮ ನೆಲದ ಶರಣರು ದಾಸೋಹ ಅಂದದ್ದೂ ಕೊಡೋವಾಗ ಕೈ ಮ್ಯಾಲಾಗಬಾರದು ಅಂತಾನೇ. ನಾನು ನನ್ನ ಮನಿಯ ಹಾದಿಯಿಂದ ಬಂದು ಅದೇ ಹಿತ್ತಲ ಮುಟ್ಟೇನಿ.

ಕೊನಿಗೆ, ನಮ್ಮ ನಮ್ಮ ಊರಾಗ ನಾವು ಮಾಡಬಹುದಾದದ್ದು ನಾಕು ಹೇಳತೀನಿ.

ಒಂದು, ಸಾವು ಆದ ಮನಿಯ ಹೊಲಕ್ಕ ಒಂದು ವರ್ಷ ಯಾರೂ ರೇಟ್ ಕಟ್ಟಬಾರದು ಅಂತ ಊರ ಹಿರೇರು ಕೂಡಿ ಒಂದು ಮಾತು ಮಾಡ್ರಿ. ಕಾನೂನು ಬೇಕಾಗಿಲ್ಲ, ಕಟ್ಟಿ ಮ್ಯಾಲಿನ ಮಾತು ಸಾಕು.

ಎರಡು, ಉತಾರ ಯಾರ ಹೆಸರಿನಾಗ ಐತಿ ಅಂತ ಇವತ್ತೇ ನೋಡ್ಕೋರಿ. ಅಪ್ಪನ, ಅಜ್ಜನ ಹೆಸರಿನಾಗ ಇದ್ರ ವಾರಸಾ ಹಚ್ಚಿಸ್ರಿ. ನಾವು ಇಲ್ಲದಾಗ ನಮ್ಮ ಹೆಂಡರು-ಮಕ್ಕಳು ಅಡ್ಡಾಡೋದು ಇದಕ್ಕೇ.

ಮೂರು, ಜಡ್ಡಿನ ಮನಿಗೆ, ಸಾವಿನ ಮನಿಗೆ ಹೋದಾಗ ಮೊದಲು ಹಿತ್ತಲ ನೋಡ್ರಿ, ಆಮೇಲೆ ಪಡಸಾಲಿ.

ನಾಕು, ಸಾಲದ ಚಿಂತಿಯಾಗ ರಾತ್ರಿ ನಿದ್ದಿ ಬರದವರು ಇದನ್ನ ಓದಾಕ ಹತ್ತಿದ್ರ, ಒಬ್ಬರೇ ಕೂಡಬ್ಯಾಡ್ರಿ. ನನ್ನ ನಂಬರ್ ನಿಮ್ಮ ಹತ್ರ ಐತಿ, ಎಷ್ಟೊತ್ತಾದ್ರೂ ಮಾಡ್ರಿ. ರೊಕ್ಕ ಇರಲಿಕ್ಕಿಲ್ಲ, ಜೊತಿ ನಾಡಕಚೇರಿಗೆ ಬರಾಕ ಒಂದು ಬೈಕ್ ಐತಿ.

ಮುಂದಿನ ಟಿಪ್ಪಣಿಯಾಗ ಮೆಣಸಿನಕಾಯಿ ಒಣಗಿಸೋದು, ಬ್ಯಾಡಗಿ ಮಾರ್ಕೆಟ್‌ಗೆ ಒಯ್ಯೋ ಮೊದಲು ವಿಂಗಡ ಮಾಡೋದರ ಬಗ್ಗೆ ಬರೀತೀನಿ. ತಾಡಪತ್ರಿ ರೆಡಿ ಇಟ್ಕೋರಿ, ಇಬ್ಬನಿ ಜಾಸ್ತಿ ಐತಿ.